ಒಮ್ಮೆ ದುಡ್ಡು ಕೊಟ್ಟರೆ ಟ್ಯಾಬ್‌ನಲ್ಲೇ ಉಳಿಯುವ ಸೀರಿಯಲ್ ಎಲ್ಲಿ ಸಿಗುತ್ತದೆ?

ಘಟ್ಟದಮೇಲಿನವ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ, ಬೈಕೋಬೇಡಿ.

ನಮ್ಮನೆ ಹೊಸನಗರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಟಿವಿ, ಸೆಟ್ ಟಾಪ್ ಬಾಕ್ಸ್ ಎರಡೂ ಹೋದವು. "ಮತ್ತೆ ಟಿವಿ ತರಬೇಡ, ಸಿಡಿಲು ವರ್ಷಾ ವರ್ಷಾ ಬರ್ತದೆ" ಅಂದಳು ಅಮ್ಮ. ಸರಿ ಅಂತ 10 ಇಂಚಿನ ಟ್ಯಾಬ್ ತಂದುಕೊಟ್ಟೆ. ಕರೆಂಟು ಹೋದರೂ ನಡೆಯುತ್ತದೆ, ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟುಕೊಳ್ಳಬಹುದು. ಒಂದೇ ತೊಂದರೆ, ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಹಿಂದಿನ ಗುಡ್ಡದಲ್ಲಿ ಒಂದು ಹಲಸಿನ ಮರ ಇದೆ. ಅದರ ಬುಡದಲ್ಲಿ ನಿಂತರೆ ಎರಡು ಕಡ್ಡಿ.

ಬೆಂಗಳೂರಿನ ರೂಮಿನ ವೈಫೈನಲ್ಲಿ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ 40 ಕಂತು ಇಳಿಸಿಕೊಂಡು ಊರಿಗೆ ಹೋದೆ. ಅಮ್ಮ ಖುಷಿಯಾಗಿ ನೋಡುತ್ತಿದ್ದಳು. ನಾನು ವಾಪಸ್ ಬಂದು ಮೂರು ದಿನ ಆಗಿತ್ತು, ಫೋನು ಬಂತು. "ಅದೆಂತದೋ ಅವಧಿ ಮುಗೀತು, ಇಂಟರ್ನೆಟ್ ಹಾಕು ಅಂತದೆ." ಅವಳಿಗೆ 67 ವರ್ಷ. ಕೊಡೆ ಹಿಡಿದು, ಟ್ಯಾಬನ್ನು ಗೊಬ್ಬರದ ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು, ಜಾರುವ ಗುಡ್ಡ ಹತ್ತಿ ಆ ಮರದ ಬುಡದಿಂದ ಮಾತಾಡುತ್ತಿದ್ದಳು. ಅಲ್ಲಿ ನೆಟ್ ಸಿಕ್ಕಿದ್ದೇ ತಡ, ಆ್ಯಪ್ ಕೆಲವು ಕಂತುಗಳನ್ನು ಮತ್ತೆ ಮೊದಲಿನಿಂದ ಇಳಿಸಿಕೋ ಅಂತು.

ಈಗ ಪ್ರಶ್ನೆ. ಹಿಂದೆ ಕ್ಯಾಸೆಟ್ ಕೊಳ್ಳುತ್ತಿದ್ದೆವಲ್ಲ, ಹಾಗೆ ಒಂದು ಸೀರಿಯಲ್‌ಗೆ ಇಷ್ಟು ಅಂತ ದುಡ್ಡು ಕೊಟ್ಟು, ಫೈಲು ಇಳಿಸಿಕೊಂಡು, ಆಮೇಲೆ ಯಾರನ್ನೂ ಕೇಳದೆ ನೋಡುವ ಹಾಗೆ ಎಲ್ಲಾದರೂ ಮಾರುತ್ತಾರಾ? 500 ಆಗಲಿ 1000 ಆಗಲಿ ಕೊಡುತ್ತೇನೆ. ದಯವಿಟ್ಟು ಟೆಲಿಗ್ರಾಂ ಅಂತ ಹೇಳಬೇಡಿ.

ಬೆಣ್ಣೆದೋಸೆ
ಟೆಲಿಗ್ರಾಂ.

ಘಟ್ಟದಮೇಲಿನವ
ಬೇಡ ಅಂದೆನಲ್ಲ ಮಾರಾಯ.

ಬೆಣ್ಣೆದೋಸೆ
ಕೇಳಿದ್ದು ಸಿಗೋದು ಅಲ್ಲಿ ಮಾತ್ರ, ಅದಕ್ಕೆ ಹೇಳಿದೆ. ದುಡ್ಡು ಕೊಡ್ತೀನಿ ಅಂದರೂ ತಗೊಳ್ಳೋರು ಇಲ್ಲ ಅಂದ ಮೇಲೆ ಪಾಪ ಯಾರದ್ದು?

ಎರಡುಜಿಬಿ
ಇದನ್ನು ಓದಿ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿ ನೆನಪಾಯಿತು. 2009, 2010ರ ಹೊತ್ತು. ಎಲ್ಲರ ಕೈಯಲ್ಲೂ ದೊಡ್ಡ ಸ್ಪೀಕರಿನ ಚೈನಾ ಸೆಟ್. ನಾವು 2 ಜಿಬಿ ಮೆಮೊರಿ ಕಾರ್ಡ್ ಕೊಟ್ಟರೆ ಅಂಗಡಿಯವನು ಕಾರ್ಡ್ ರೀಡರ್‌ಗೆ ಹಾಕಿ "ಏನ್ ಹಾಕ್ಲಿ?" ಅನ್ನುತ್ತಿದ್ದ. ಫೋಲ್ಡರುಗಳ ಹೆಸರು ಈಗಲೂ ನೆನಪಿದೆ: ಭಕ್ತಿ, ಹಳೇದು, ಹೊಸದು, ಜಾನಪದ, ಕಾಮಿಡಿ, ಸೀರಿಯಲ್. 30 ರೂಪಾಯಿಗೆ ಕಾರ್ಡ್ ತುಂಬ. ಎಲ್ಲಾ ತ್ರೀಜಿಪಿ ಅನ್ನುವ ಚಿಕ್ಕ, ಮಸುಕು ಫೈಲು. ಮುಖ ನೋಡಿದರೆ ಯಾರು ಅಂತ ಗೊತ್ತಾಗುತ್ತಿರಲಿಲ್ಲ, ದನಿ ಕೇಳಿ ಗುರುತು ಹಿಡಿಯಬೇಕಿತ್ತು.

ಮಜಾ ಅಂದರೆ ನಮಗ್ಯಾರಿಗೂ ಅದು ಕಳ್ಳಮಾಲು ಅನ್ನಿಸಿರಲೇ ಇಲ್ಲ. ದುಡ್ಡು ಕೊಟ್ಟಿದ್ದೇವೆ, ಕೊಂಡಿದ್ದೇವೆ ಅಂತಲೇ ಇತ್ತು. ನಮ್ಮ ದೊಡ್ಡಪ್ಪ ಒಂದು ಫೈಲು ನಡೆಯಲಿಲ್ಲ ಅಂತ ಅಂಗಡಿಗೆ ಹೋಗಿ ಜಗಳ ಮಾಡಿ ಬದಲಿ ಹಾಕಿಸಿಕೊಂಡು ಬಂದಿದ್ದರು!

ಸೀಗೆಕಾಯಿ
@ಎರಡುಜಿಬಿ ನಿಮ್ಮ ದೊಡ್ಡಪ್ಪನಿಗೆ ಸಿಕ್ಕ ಗ್ರಾಹಕ ಸೇವೆ ನನಗೆ ಇವತ್ತಿನವರೆಗೂ ಯಾವ ಆ್ಯಪ್‌ನಿಂದಲೂ ಸಿಕ್ಕಿಲ್ಲ.

ಜೆರ್ಸಿಹಟ್ಟಿ
ನೀವು ಕೇಳಿದ ಥರದ ಅಂಗಡಿ ಇತ್ತು, ಈಗಲೂ ಇದೆ. ಆದರೆ ಇಂಡಿಯಾದಲ್ಲಿ ಅಲ್ಲ. ನಾನು ಅದರ ಹಳೇ ಗಿರಾಕಿ, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

2006ರಲ್ಲಿ ಆಪಲ್‌ನವರು ಟಿವಿ ಕಂತುಗಳನ್ನು ಬಿಡಿ ಬಿಡಿಯಾಗಿ ಮಾರಲು ಶುರು ಮಾಡಿದರು. ಒಂದು ಕಂತಿಗೆ 1.99 ಡಾಲರ್, ಆಗಿನ ಲೆಕ್ಕದಲ್ಲಿ 90 ರೂಪಾಯಿ ಹತ್ತಿರ. ನಿನ್ನೆ ರಾತ್ರಿ ಟಿವಿಯಲ್ಲಿ ಬಂದ 'ಲಾಸ್ಟ್' ಸೀರಿಯಲ್ ಇವತ್ತು ಬೆಳಗ್ಗೆ ಮಾರಾಟಕ್ಕೆ. ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ರೈಲು ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್‌ನಲ್ಲಿ ಇಳಿಯುತ್ತಿದ್ದೆ. ಜಾಹೀರಾತು ತೆಗೆದ ಕಂತು 43 ನಿಮಿಷ, ಹಡ್ಸನ್ ನದಿ ಕೆಳಗಿನ ಸುರಂಗ ಬರುವ ಹೊತ್ತಿಗೆ ಸರಿಯಾಗಿ ಕ್ಲೈಮ್ಯಾಕ್ಸ್. ಸುರಂಗದಲ್ಲಿ ಯಾರ ಫೋನೂ ನಡೆಯುತ್ತಿರಲಿಲ್ಲ, ನನ್ನ ಐಪಾಡ್ ಮಾತ್ರ ನಡೆಯುತ್ತಿತ್ತು. ಪಕ್ಕದವರೆಲ್ಲ ಬಗ್ಗಿ ನೋಡೋರು.

ನೋಡಲು ಏನಿತ್ತು ಅಂತ ಕೇಳಬೇಡಿ. ಪರದೆ ಎರಡೂವರೆ ಇಂಚು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ವಿಡಿಯೊ 320 ಬೈ 240 ಪಿಕ್ಸೆಲ್. 30 ಜಿಬಿ ಮಾಡೆಲ್‌ನಲ್ಲಿ ವಿಡಿಯೊ ಹಾಕಿದರೆ ಬ್ಯಾಟರಿ 2 ಗಂಟೆ, ಅಂದರೆ ಹೋಗುವಾಗ ಒಂದು ಕಂತು, ಬರುವಾಗ ಒಂದು. ಮೂರನೇದಕ್ಕೆ ಆಸೆ ಪಟ್ಟರೆ ಮನೆಗೆ ನಡೆದುಕೊಂಡು ಹೋಗುವಾಗ ಹಾಡೂ ಇಲ್ಲ.

ಆದರೆ ಇದನ್ನು ನೆನಪಿಡಿ. ಒಮ್ಮೆ ಕಂಪ್ಯೂಟರಿಗೆ ಇಳಿಸಿ ಐಪಾಡ್‌ಗೆ ಹಾಕಿದ ಮೇಲೆ ಅದು ಯಾರನ್ನೂ ಏನೂ ಕೇಳುತ್ತಿರಲಿಲ್ಲ. 48 ಗಂಟೆ, 30 ದಿನ ಅನ್ನುವ ಗಡುವು ಏನೂ ಇಲ್ಲ.

ಕಂಪ್ಯೂಟರ್ ಮೇಷ್ಟ್ರು
ಚಿಕ್ಕ ತಿದ್ದುಪಡಿ. ಶುರುವಾಗಿದ್ದು 2005ರ ಅಕ್ಟೋಬರ್, ವಿಡಿಯೊ ಐಪಾಡ್ ಜೊತೆಗೇ. ಮೊದಲ ದಿನ ಇದ್ದಿದ್ದು ಎಬಿಸಿ ಮತ್ತು ಡಿಸ್ನಿ ಅನ್ನುವ ಅಮೆರಿಕದ ಚಾನೆಲ್‌ಗಳ ಐದೇ ಕಾರ್ಯಕ್ರಮ. 20 ದಿನ ತುಂಬುವ ಮೊದಲೇ 10 ಲಕ್ಷ ವಿಡಿಯೊ ಮಾರಿದೆವು ಅಂತ ಕಂಪನಿ ಹೇಳಿಕೊಂಡಿತ್ತು, ಅದರಲ್ಲಿ ಹಾಡಿನ ವಿಡಿಯೊಗಳೂ ಸೇರಿದ್ದವು. ಎನ್‌ಬಿಸಿ ಚಾನೆಲ್ ಬಂದಿದ್ದು ಆ ಡಿಸೆಂಬರ್‌ನಲ್ಲಿ.

ಯಾರನ್ನೂ ಕೇಳುತ್ತಿರಲಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಆ ಫೈಲಿಗೂ ಬೀಗ ಇತ್ತು. ಗರಿಷ್ಠ 5 ಕಂಪ್ಯೂಟರಿಗೆ ಮಾತ್ರ ಅನುಮತಿ. ಬೇರೆ ಕಂಪನಿಯ ಪ್ಲೇಯರ್‌ಗೆ ಹಾಕಿದರೆ ನಡೆಯುತ್ತಿರಲಿಲ್ಲ.

ಜೆರ್ಸಿಹಟ್ಟಿ
ಸರಿ ಮೇಷ್ಟ್ರೇ, ನಾನು ಐಪಾಡ್ ಕೊಂಡಿದ್ದು 2006, ಅದೇ ತಲೆಯಲ್ಲಿ ಕೂತುಬಿಟ್ಟಿದೆ. ಬೀಗದ ಮಾತೂ ಸರಿ. ನನ್ನದೇ ಒಂದು ಕಥೆ ಇದೆ. 2008ರಲ್ಲಿ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿ ಸತ್ತುಹೋಯಿತು. 60, 70 ಕಂತು ಅದರೊಳಗೆ. ಬ್ಯಾಕಪ್ ಇಟ್ಟಿರಲಿಲ್ಲ, ತಪ್ಪು ನನ್ನದೇ. ಆಗ ಒಮ್ಮೆ ಇಳಿಸಿಕೊಂಡರೆ ಮುಗಿಯಿತು, ಮತ್ತೆ ಇಳಿಸಿಕೊಳ್ಳುವ ಸೌಲಭ್ಯ ಟಿವಿ ಕಂತುಗಳಿಗೆ ಬಂದಿದ್ದು 2011ರಲ್ಲಿ. ಹೆಂಡತಿಗೆ ಇವತ್ತಿಗೂ ಎಷ್ಟು ಡಾಲರ್ ಹೋಯಿತು ಅಂತ ಹೇಳಿಲ್ಲ.

ಸೀಗೆಕಾಯಿ
ಅತ್ತಿಗೆಯ ನಂಬರ್ ಕೊಡಿ, ನಾವು ಹೇಳುತ್ತೇವೆ.

ಘಟ್ಟದಮೇಲಿನವ
ಅಣ್ಣಾ, ಆ ಅಂಗಡಿ ಇಲ್ಲಿ ಇಲ್ವಾ ಹಾಗಾದರೆ? ನಾನು ಆಪಲ್ ಟ್ಯಾಬ್ ಬೇಕಾದರೂ ಕೊಳ್ಳಲು ರೆಡಿ, ಹಳೇದು.

ಕಂಪ್ಯೂಟರ್ ಮೇಷ್ಟ್ರು
ಕೊಳ್ಳಬೇಡಿ, ದುಡ್ಡು ದಂಡ. ಆಪಲ್‌ನ ಆ ಅಂಗಡಿ, ಐಟ್ಯೂನ್ಸ್, ಭಾರತಕ್ಕೆ ಬಂದಿದ್ದು 2012ರ ಡಿಸೆಂಬರ್‌ನಲ್ಲಿ. ಹಾಡು ಬಂತು, ಸಿನಿಮಾ ಬಂತು, ಟಿವಿ ಕಾರ್ಯಕ್ರಮಗಳ ವಿಭಾಗ ಬರಲೇ ಇಲ್ಲ. ಇಲ್ಲಿಗೆ ಅದು ಬರುವ ಮೊದಲೇ ಕಾಲ ಬದಲಾಯಿತು. 2014ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ನಮ್ಮಲ್ಲಿ ಆಫ್‌ಲೈನ್ ಬಟನ್ ಕೊಟ್ಟಿತು, ಇಳಿಸಿದ್ದು 48 ಗಂಟೆ ಉಳಿಯುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಅದೇ ನವೆಂಬರ್ ಕೊನೆಗೆ ನೆಟ್‌ಫ್ಲಿಕ್ಸ್ ಡೌನ್‌ಲೋಡ್ ಬಟನ್ ಕೊಟ್ಟಿತು. ಡೇಟಾ ಅಗ್ಗ, ಕಂತು ಪುಕ್ಕಟೆ. ಬಿಡಿ ಕಂತಿಗೆ 90 ರೂಪಾಯಿ ಯಾರು ಕೊಡುತ್ತಾರೆ? ಅಂಗಡಿ ಇಡುವವನಿಗೂ ಅದು ಗೊತ್ತು.

ಬೆಣ್ಣೆದೋಸೆ
ಇವರು ಕೊಡ್ತಾರೆ. ಒಬ್ಬರು.

ಕುಂದಾಪ್ರದವ್ಳು
ಅಲ್ಲ ಮಾರಾಯ್ರೆ, ಡೇಟಾ ಅಗ್ಗ ಅಂತ ಹೇಳುವವರೆಲ್ಲ ಒಮ್ಮೆ ಬಾಳೆಬರೆ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ನೋಡಿ. ಹೊಸಂಗಡಿ ದಾಟಿದರೆ ಆ ಚಕ್ರ ತಿರುಗ್ತಾ ಇರ್ತದೆ ಪರದೆ ಮೇಲೆ, ನಮ್ಮ ಬಸ್ಸೂ ತಿರುಗ್ತಾ ಇರ್ತದೆ. ಎರಡೂ ಒಟ್ಟಿಗೆ ನೋಡಿದರೆ ವಾಂತಿಯೇ. ಡೌನ್‌ಲೋಡ್ ಬೇಕಾದ್ದು ಸಿಟಿಯವರಿಗಲ್ಲ, ನಮಗೆ. ನಿಯಮ ಮಾಡುವವರು ಮಾತ್ರ ಸಿಟಿಯಲ್ಲಿ ಇರುವುದು.

ಎಡಿಟಿಂಗ್ ಟೇಬಲ್
ನಾನು ಹಿಂದೆ ಸೀರಿಯಲ್ ಎಡಿಟಿಂಗ್‌ನಲ್ಲಿ ಇದ್ದೆ. ಒಳಗಿನ ಮಾತು ಒಂದಿಷ್ಟು ಹೇಳುತ್ತೇನೆ, ಯಾಕೆ ಮಾರುವುದಿಲ್ಲ ಅಂತ ಅರ್ಥವಾಗುತ್ತದೆ.

ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳ ಕಾಲದಲ್ಲಿ ನಿರ್ಮಾಪಕರು ಚಾನೆಲ್‌ಗೆ ಪ್ರಸಾರ ಶುಲ್ಕ ಕಟ್ಟಿ ಸ್ಲಾಟ್ ಪಡೆಯುತ್ತಿದ್ದರು. ಜಾಹೀರಾತಿನ ಸೆಕೆಂಡುಗಳನ್ನು ಅವರೇ ಮಾರಿ ದುಡ್ಡು ಹುಟ್ಟಿಸಬೇಕಿತ್ತು. ಕಷ್ಟ ಇತ್ತು, ಆದರೆ ಕಂತು ಸಾಮಾನ್ಯವಾಗಿ ನಿರ್ಮಾಪಕರ ಸ್ವತ್ತು. ಖಾಸಗಿ ಚಾನೆಲ್ ಬಂದ ಮೇಲೆ ಲೆಕ್ಕ ಉಲ್ಟಾ. ಚಾನೆಲ್ ದಿನಕ್ಕಿಷ್ಟು ಅಂತ ಕೊಡುತ್ತದೆ, ನಿರ್ಮಾಪಕ ಮಾಡಿ ಕೊಡುತ್ತಾನೆ, ಹಕ್ಕೆಲ್ಲ ಚಾನೆಲ್‌ನದು. ನಿರ್ಮಾಪಕನಿಗೆ ಮಾರುವ ಆಸೆ ಇದ್ದರೂ ಮಾರಲು ಅವನ ಹತ್ತಿರ ಏನೂ ಇಲ್ಲ. ಚಾನೆಲ್‌ಗೆ ಬೇಕಾದ್ದು ನೀವು ಅದರ ಆ್ಯಪ್ ಒಳಗೇ ಇರುವುದು. ಫೈಲು ಕೊಟ್ಟು ಕಳಿಸಿದರೆ ನೀವು ಮತ್ತೆ ಬರುವುದಿಲ್ಲ.

ಇನ್ನೊಂದು ವಿಷಯ. ದಿನದ ಸೀರಿಯಲ್ ಅನ್ನು ಉಳಿಯಲಿ ಅಂತ ಯಾರೂ ಮಾಡುವುದಿಲ್ಲ. ಬ್ಯಾಂಕಿಂಗ್, ಅಂದರೆ ಮುಂಚೆಯೇ ಮಾಡಿಟ್ಟ ದಾಸ್ತಾನು, ನಾಲ್ಕೈದು ಕಂತು ಇದ್ದರೆ ಎಲ್ಲರ ಮುಖದಲ್ಲಿ ನಗು. ಬ್ಯಾಂಕಿಂಗ್ ಖಾಲಿಯಾದರೆ ಮಧ್ಯಾಹ್ನ ಶೂಟ್ ಮಾಡಿದ ದೃಶ್ಯ ರಾತ್ರಿ ಟಿವಿಯಲ್ಲಿ. ನಾನು ಎಷ್ಟೋ ಸಲ ಊಟದ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಕಂತು ಕಳಿಸಿದ್ದೇನೆ. ಟೇಪಿನ ಕಾಲದಲ್ಲಿ ಅದೇ ಬೀಟಾಕ್ಯಾಮ್ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಮಾಡುತ್ತಿದ್ದೆವು, ಟೇಪು ದುಬಾರಿ. ಈಗ ನೀವು ದುಡ್ಡು ಕೊಡುತ್ತೇನೆ ಅಂದರೂ ಆ ಕಂತುಗಳು ಎಲ್ಲೂ ಇಲ್ಲ. ನಾನೇ ಅಳಿಸಿದ್ದೇನೆ, ಇದೇ ಕೈಯಲ್ಲಿ.

ಸೀಗೆಕಾಯಿ
ಕೆಲವನ್ನು ಅಳಿಸಿದ್ದಕ್ಕೆ ಕನ್ನಡಿಗರ ಪರವಾಗಿ ಧನ್ಯವಾದ.

ಮಂಡ್ಯದ್ಬೆಲ್ಲ
ಸೀರಿಯಲ್ ಕೊಂಡ್ಕೋತೀನಿ ಅಂತೀರಲ್ಲ, ಲೆಕ್ಕ ಹಾಕಿದ್ದೀರಾ? 22 ನಿಮಿಷದ ಒಂದು ಕಂತು ಸುಮಾರು ಕ್ವಾಲಿಟಿಯಲ್ಲಿ 150 ಎಂಬಿ ಅಂದುಕೊಳ್ಳಿ. 1000 ಕಂತಿಗೆ 150 ಜಿಬಿ. 128ರ ಕಾರ್ಡ್ ಸಾಲಲ್ಲ. ಬಿಡಿ ಕಂತಿಗೆ ಬರೀ 2 ರೂಪಾಯಿ ಅಂದರೂ 2000. ಅದರಲ್ಲಿ 300 ಕಂತು ಬಾಗಿಲು ತೆಗೆದು ಮೂರು ಜನ ಮೂರು ಸಲ ಗಾಬರಿಯಾಗಿ ತಿರುಗೋದು. ಆ ತಿರುಗೋದನ್ನ ತೆಗೆದು ಮಾರಿದರೆ 16 ಜಿಬಿಯಲ್ಲಿ ಮುಗಿಯುತ್ತೆ.

ಎಡಿಟಿಂಗ್ ಟೇಬಲ್
ಆ ತಿರುಗಿಸುವ ಕೆಲಸಕ್ಕೇ ನನಗೆ ಸಂಬಳ ಇದ್ದಿದ್ದು ಸಾರ್.

ಸಣ್ಣಕ್ಷರ
ಎಲ್ಲರೂ ಕೊಳ್ಳೋದು, ಕೊಳ್ಳೋದು ಅಂತಿದ್ದೀರಿ. ನೀವು ಕೊಳ್ಳುತ್ತಿರುವುದು ಏನು ಅಂತ ನೋಡಿದ್ದೀರಾ? 'ಬೈ' (ಕೊಳ್ಳಿ) ಅಂತ ಬಟನ್ ಇದ್ದರೂ ಷರತ್ತುಗಳಲ್ಲಿ ಬರೆದಿರುವುದು ಲೈಸೆನ್ಸ್ ಅಂತ. ನೋಡಲು ಅನುಮತಿ, ಅಷ್ಟೇ. 2023ರ ಡಿಸೆಂಬರ್‌ನಲ್ಲಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಡಿಸ್ಕವರಿ ಕಾರ್ಯಕ್ರಮಗಳನ್ನು ದುಡ್ಡು ಕೊಟ್ಟು ಕೊಂಡವರಿಗೆ, ವರ್ಷದ ಕೊನೆಗೆ ಅವನ್ನು ನಿಮ್ಮ ಲೈಬ್ರರಿಯಿಂದ ತೆಗೆಯುತ್ತೇವೆ ಅಂತ ತಿಳಿಸಿದರು. ಸಾವಿರಕ್ಕೂ ಜಾಸ್ತಿ ಸೀಸನ್. ಜನ ರೇಗಿದರು. ಆಮೇಲೆ ಒಪ್ಪಂದ ಸರಿಮಾಡಿಕೊಂಡು ಕನಿಷ್ಠ ಇನ್ನು 30 ತಿಂಗಳು ಇರುತ್ತದೆ ಅಂದರು. ಇಲ್ಲಿ ಗಮನಿಸಿ, ಶಾಶ್ವತವಾಗಿ ಅನ್ನಲಿಲ್ಲ, 30 ತಿಂಗಳು ಅಂದರು.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೇ ಒಂದು ಕಾಯ್ದೆ ಬಂತು, 2025ರ ಜನವರಿಯಿಂದ ಜಾರಿ. ಯಾವಾಗ ಬೇಕಾದರೂ ವಾಪಸ್ ಕಿತ್ತುಕೊಳ್ಳಬಹುದಾದ ಡಿಜಿಟಲ್ ಮಾಲಿಗೆ 'ಬೈ' ಅಂತ ಬರೆದು ಮಾರುವುದಾದರೆ, ಇದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ಹೇಳಬೇಕು. ಶಾಶ್ವತವಾಗಿ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆ ಬಳಸುವಂಥ ಫೈಲು ಕೊಟ್ಟರೆ ಆ ನಿಯಮ ಅನ್ವಯಿಸುವುದಿಲ್ಲ. ಘಟ್ಟದವರು ಕೇಳುತ್ತಿರುವುದು ಅದೇ ಥರದ ಮಾಲನ್ನು.

ಬೆಣ್ಣೆದೋಸೆ
ಅಂದರೆ ಟೆಲಿಗ್ರಾಂ ಒಂದೇ ನಿಜವಾದ ಮಾರಾಟ ಅಂತಾಯಿತು.

ಸಣ್ಣಕ್ಷರ
ಅದು ಕಳ್ಳತನ ಅಂತಾಯಿತು. ಎರಡೂ ಬೇರೆ.

ಬೆಣ್ಣೆದೋಸೆ
ಕಟ್ಟಿದ ಚಂದಾಕ್ಕೆ 67 ವರ್ಷದವರನ್ನು ಮಳೆಯಲ್ಲಿ ಗುಡ್ಡ ಹತ್ತಿಸೋದಕ್ಕೆ ಏನು ಹೆಸರು ಸಾರ್ ನಿಮ್ಮ ಪುಸ್ತಕದಲ್ಲಿ?

ಸಣ್ಣಕ್ಷರ
ಷರತ್ತು ಮತ್ತು ನಿಬಂಧನೆ. ನನಗೂ ಅದು ಇಷ್ಟ ಇಲ್ಲ, ಆದರೆ ಹೆಸರು ಕೇಳಿದಿರಿ, ಹೇಳಿದೆ. ಸಿಟ್ಟು ಯಾರ ಮೇಲೆ ಅನ್ನೋದನ್ನೂ ನೋಡಿ. ಟೆಲಿಗ್ರಾಂನಿಂದ ಇಳಿಸಿದರೆ ಆ ಚಾನೆಲ್‌ಗೆ ನೋವಾಗುವುದು ಕಡಿಮೆ. ಸ್ವಂತ ದುಡ್ಡು ಹಾಕಿ ಹಳೇ ಧಾರಾವಾಹಿ ಉಳಿಸಿಕೊಂಡಿರುವ ಚಿಕ್ಕ ನಿರ್ಮಾಪಕನಿಗೆ ಜಾಸ್ತಿ.

ಹಾವೇರಿಹುಡ್ಗಿ
ನಮ್ಮಪ್ಪನ್ ಕಥಿ ಕೇಳ್ರಿ. ಒಂದ ಚಾನೆಲ್ ಸೀರಿಯಲ್ ನೋಡಾಕ ಮೊದಲ ವೂಟ್ ಆ್ಯಪ್ ಹಾಕ್ಕೊಟ್ಟೆ. ಅದು 2023ರಾಗ ಜಿಯೊಸಿನಿಮಾದೊಳಗ ಸೇರ್ತು. ಅದನ್ನ ಕಲಿಸಿದೆ. 2025ರ ಫೆಬ್ರುವರಿಯೊಳಗ ಅದೂ ಹಾಟ್‌ಸ್ಟಾರ್ ಕೂಡ ಸೇರಿ ಜಿಯೊಹಾಟ್‌ಸ್ಟಾರ್ ಆತು. ಅಪ್ಪ ಈಗ ಕೇಳ್ತಾರ, "ಮುಂದಿನ ವರ್ಷ ಎಲ್ಲಿಗೆ ಹೋಗೂದೈತವಾ? ಈಗ ಹೇಳಿಬಿಡು, ಗಂಟು ಕಟ್ಟಿಡ್ತೇನಿ."

ಕಂಪ್ಯೂಟರ್ ಮೇಷ್ಟ್ರು
@ಘಟ್ಟದಮೇಲಿನವ ಎಲ್ಲರೂ ಹರಟೆ ಹೊಡೆಯುತ್ತಿದ್ದಾರೆ, ನಿಮ್ಮ ಟ್ಯಾಬ್ ವಿಷಯಕ್ಕೆ ಬರುತ್ತೇನೆ.

ಆ್ಯಪ್‌ನಲ್ಲಿ ಡೌನ್‌ಲೋಡ್ ಒತ್ತಿದಾಗ ಎರಡು ಬರುತ್ತವೆ. ಒಂದು ವಿಡಿಯೊ, ಅದು ಕಲಸಿಹೋದ ಅಕ್ಷರಗಳ ಥರ, ಸುಮ್ನೆ ತೆರೆದರೆ ಏನೂ ಕಾಣದು. ಇನ್ನೊಂದು ಅದನ್ನು ಬಿಚ್ಚುವ ಕೀಲಿ, ಅದಕ್ಕೆ ತಾರೀಖು ಇರುತ್ತದೆ. ತಾರೀಖು ಮುಗಿದರೆ ವಿಡಿಯೊ ಟ್ಯಾಬ್‌ನಲ್ಲೇ ಇದ್ದರೂ ತೆರೆಯುವುದಿಲ್ಲ. ಎಷ್ಟೋ ಆ್ಯಪ್‌ಗಳಲ್ಲಿ ಎರಡು ಗಡಿಯಾರ. ಇಳಿಸಿದ ದಿನದಿಂದ ಒಂದು, ಪ್ಲೇ ಒತ್ತಿದ ಕ್ಷಣದಿಂದ ಇನ್ನೊಂದು, ಅದು ಚಿಕ್ಕದು. ನಿಮ್ಮ ಅಮ್ಮ ಕುತೂಹಲಕ್ಕೆ ಎಲ್ಲಾ ಕಂತುಗಳನ್ನೂ ಒಂದೊಂದು ನಿಮಿಷ ಒತ್ತಿ ನೋಡಿರಬೇಕು, ಅಲ್ವಾ? ಹಾಗಾದರೆ ಎಲ್ಲದರ ಚಿಕ್ಕ ಗಡಿಯಾರವೂ ಒಟ್ಟಿಗೆ ಶುರು.

ಕಾರ್ಡಿಗೆ ಕಾಪಿ ಮಾಡಿ ಬೇರೆ ಫೋನಿಗೆ ಹಾಕಿದರೆ ನಡೆಯಲ್ಲ, ಕೀಲಿ ಆ ಟ್ಯಾಬ್‌ಗೆ ಕಟ್ಟಿದ್ದು. ಟ್ಯಾಬ್ ತಾರೀಖು ಹಿಂದೆ ಹಾಕಿದರೆ ಆಗುತ್ತದೆ ಅಂತ ಯಾರಾದರೂ ಹೇಳುತ್ತಾರೆ, ಮಾಡಬೇಡಿ, ಗಲಾಟೆ ಜಾಸ್ತಿಯಾಗುತ್ತದೆ. ಇನ್ನೊಂದು, ಅಗ್ಗದ ಟ್ಯಾಬ್ ಕೊಳ್ಳುವವರು ವೈಡ್‌ವೈನ್ ಅನ್ನುವ ಬೀಗದ ವ್ಯವಸ್ಥೆಯ ಎಲ್1 ಮಟ್ಟ ಇದೆಯಾ ನೋಡಿಕೊಳ್ಳಿ. ಕೆಳಗಿನ ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ದೊಡ್ಡ ಆ್ಯಪ್‌ಗಳು ಮಸುಕು ಚಿತ್ರವನ್ನೇ ಕೊಡುತ್ತವೆ.

ಘಟ್ಟದಮೇಲಿನವ
ಮೇಷ್ಟ್ರೇ ನೀವು ನಮ್ಮನೆ ಅಡಿಗೆಮನೆಯಲ್ಲಿ ಕೂತು ನೋಡಿದ ಹಾಗೆ ಹೇಳಿದಿರಿ. ಅಮ್ಮನನ್ನು ಕೇಳಿದೆ. "ಎಲ್ಲಾ ಬಂದಿದೆಯಾ ಅಂತ ಒಂದೊಂದು ಸಲ ಒತ್ತಿ ನೋಡಿದೆ" ಅಂದಳು. ಅಕ್ಕಿ ಮೂಟೆ ಬಂದಾಗ ಬೊಗಸೆ ಹಾಕಿ ನೋಡುತ್ತಾಳಲ್ಲ, ಹಾಗೇ.

ಕುಂದಾಪ್ರದವ್ಳು
ಅಮ್ಮನಿಗೆ ಸೀರಿಯಲ್ಲೇ ಆಗಬೇಕಾ? ಹೊಸನಗರದ ಕಡೆಯವರಿಗೆ ಆಟ, ತಾಳಮದ್ದಳೆ ರುಚಿ ಇರ್ತದೆ. ನಮ್ಮಲ್ಲಿ ಹಿಂದೆ ಯಕ್ಷಗಾನದ ವಿಸಿಡಿ ಎಷ್ಟು ಮಾರಾಟ ಆಗ್ತಿತ್ತು ಅಂದರೆ, ಮದುವೆಗೆ ಉಡುಗೊರೆ ಕೊಟ್ಟವರೂ ಉಂಟು. ನಮ್ಮ ಮಾವ ಸತ್ತಾಗ ಕಪಾಟಿನಲ್ಲಿ ಸಿಕ್ಕಿದ್ದು ಎರಡು ಪಂಚೆ, ಬ್ಯಾಂಕ್ ಪಾಸ್‌ಬುಕ್, 83 ವಿಸಿಡಿ. ಅದಕ್ಕೆ ಯಾವ ಬೀಗವೂ ಇರುವುದಿಲ್ಲ.

ಎರಡುಜಿಬಿ
ಹೌದಲ್ಲ! ವಿಸಿಡಿ! ಅದನ್ನು ಮರೆತೇಬಿಟ್ಟಿದ್ದೆವು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಮಾರಲು ಶುರು ಮಾಡಿದಾಗ ತರಕಾರಿ ಜೊತೆ ಒಂದು ಸಿಡಿ ತರುವ ಕಾಲ ಬಂದಿತ್ತು. ಅದು ಅಸಲಿ ಮಾಲು, ಬಿಲ್ ಸಮೇತ.

ಕಂಪ್ಯೂಟರ್ ಮೇಷ್ಟ್ರು
ಕುಂದಾಪ್ರದವರು ಉತ್ತರ ಕೊಟ್ಟಾಯಿತು. ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿ ತೆರೆಯಿರಿ. ಒಳಗೆ ಎಂಪೆಗಾವ್ ಅಂತ ಫೋಲ್ಡರ್ ಇರುತ್ತದೆ, ಅದರೊಳಗೆ ಕೊನೆಯಲ್ಲಿ ಡ್ಯಾಟ್ ಅಂತಿರುವ ದೊಡ್ಡ ಫೈಲು. ಅದನ್ನೇ ಎತ್ತಿ ಟ್ಯಾಬ್‌ಗೆ ಹಾಕಿ ವಿಎಲ್‌ಸಿ ಅನ್ನುವ ಪ್ಲೇಯರ್ ಆ್ಯಪ್‌ನಲ್ಲಿ ತೆರೆದರೆ ಸಾಕು. ಚಿತ್ರ 352 ಬೈ 288, 10 ಇಂಚಿನಲ್ಲಿ ಒರಟು ಕಾಣುತ್ತದೆ. ಯಕ್ಷಗಾನಕ್ಕೆ ಪರವಾಗಿಲ್ಲ, ವೇಷ ದೊಡ್ಡದು.

ಜೆರ್ಸಿಹಟ್ಟಿ
ನನ್ನ 1.99 ಡಾಲರಿನ ಕಂತಿಗಿಂತ ಅದರ ಚಿತ್ರವೇ ದೊಡ್ಡದು ಅಂತಾಯಿತಲ್ಲ ಮೇಷ್ಟ್ರೇ. ಇಷ್ಟು ವರ್ಷ ಆದಮೇಲೆ ಹೊಟ್ಟೆ ಉರಿಸಬೇಡಿ.

ಸಣ್ಣಕ್ಷರ
ಕಾಪಿ ಮಾಡೋದು ತಪ್ಪಾ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರಲ್ಲಿ ಖಾಸಗಿ, ಸ್ವಂತ ಬಳಕೆಗೆ ನ್ಯಾಯಯುತ ಬಳಕೆ ಅಂತ ಒಂದು ವಿನಾಯಿತಿ ಇದೆ. ಕೊಂಡ ಸಿಡಿಯಿಂದ ಮನೆಯವರ ಟ್ಯಾಬ್‌ಗೆ ಹಾಕಿಕೊಳ್ಳುವುದು ಅದರೊಳಗೆ ಬರುತ್ತದೆ ಅಂತಲೇ ನನ್ನ ವಾದ. ಬೀಗ ಒಡೆಯುವ ವಿಷಯಕ್ಕೆ 2012ರಲ್ಲಿ 65ಎ ಸೇರಿಸಿದರು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಎರಡು ವರ್ಷದವರೆಗೆ ಜೈಲು. ವಿಸಿಡಿಗೆ ಒಡೆಯಲು ಬೀಗವೇ ಇಲ್ಲ. ಆದರೆ ಆ 83ನ್ನೂ ಪೆನ್‌ಡ್ರೈವ್‌ಗೆ ಹಾಕಿ ಊರಿಗೆಲ್ಲ ಹಂಚಬೇಡಿ, ಅಕ್ಕಾ.

ಕುಂದಾಪ್ರದವ್ಳು
ಹಂಚಿ ಆಯ್ತು. ಮಾವನ ಹನ್ನೆರಡನೇ ದಿನವೇ.

ಮಂಡ್ಯದ್ಬೆಲ್ಲ
😂😂

ಬೆಣ್ಣೆದೋಸೆ
ಅಕ್ಕನಿಗೆ ಒಂದು ಮಾತು ಹೇಳಿ ಸುಮ್ಮನಾದಿರಿ, ನನಗಾದರೆ ಕಳ್ಳತನ ಅಂದಿರಿ. ಇರಲಿ ಸಾರ್.

ಘಟ್ಟದಮೇಲಿನವ
ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಕಳೆದ ಶನಿವಾರ ಊರಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಹಳೇ ಸಿಡಿ ಮಾರುವವನೊಬ್ಬನ ಹತ್ತಿರ 14 ಯಕ್ಷಗಾನದ ವಿಸಿಡಿ ಸಿಕ್ಕವು, ಒಂದಕ್ಕೆ 20 ರೂಪಾಯಿ. ನಾಲ್ಕು ಒಡಕು. ಉಳಿದ ಹತ್ತನ್ನು ಮೇಷ್ಟ್ರು ಹೇಳಿದ ಹಾಗೇ ಹಾಕಿದೆ. ಸೀರಿಯಲ್ ಮಾತ್ರ ಎಲ್ಲೂ ಕೊಳ್ಳಲು ಸಿಗಲಿಲ್ಲ. ಅದಕ್ಕೆ ಯೂಟ್ಯೂಬ್ ಪ್ರೀಮಿಯಂ ತಗೊಂಡು ಅಧಿಕೃತ ಚಾನೆಲ್‌ಗಳಲ್ಲಿರುವ ಹಳೇ ಧಾರಾವಾಹಿ ಇಳಿಸಿದ್ದೇನೆ. ಆದರೂ ತಿಂಗಳಿಗೊಮ್ಮೆ ಇಂಟರ್ನೆಟ್ ತೋರಿಸಬೇಕು. ತಿಂಗಳಿಗೊಮ್ಮೆ ಅಮ್ಮ ಹೇಗೂ ರೇಷನ್‌ಗೆ ಪೇಟೆಗೆ ಹೋಗುತ್ತಾಳೆ, ಟ್ಯಾಬನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು ಅಂದಿದ್ದೇನೆ.

ರಾತ್ರಿ ಊಟ ಆದಮೇಲೆ ಟ್ಯಾಬನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಒಂದು ಪ್ರಸಂಗ ಹಾಕಿದೆ. ಚಂಡೆ ಶುರುವಾದಾಗ ಟ್ಯಾಬ್ ಸ್ಪೀಕರು ಗರಗರ ಅಂದಿತು. ಅಮ್ಮ ಎದ್ದು ಹೋಗಿ ಒಂದು ಸ್ಟೀಲ್ ತಪ್ಪಲೆ ತಂದು ಅದರೊಳಗೆ ಟ್ಯಾಬ್ ಇಟ್ಟಳು. ದನಿ ಜಗಲಿವರೆಗೆ ಕೇಳಿತು! ಸ್ವಲ್ಪ ಹೊತ್ತಿಗೆ ಪಕ್ಕದ ಮನೆ ಭಾವ ಟಾರ್ಚ್ ಹಿಡಿದು ಬಂದರು, "ಎಲ್ಲಿ ಆಟ?" ಅಂತ. ಎರಡು ಗಂಟೆವರೆಗೆ ನೋಡಿದರು. ಆಮೇಲೆ ಹೋಗುವಾಗ "ನನ್ನ ಮೊಬೈಲಿಗೂ ಹಾಕಿಕೊಡು" ಅಂದರು. ಸಣ್ಣಕ್ಷರ ಸರ್, ಹಾಕಿಕೊಟ್ಟೆನಾ ಇಲ್ಲವಾ ಅಂತ ದಯವಿಟ್ಟು ಕೇಳಬೇಡಿ.

ಸಣ್ಣಕ್ಷರ
ಕೇಳಿಲ್ಲ.

ಹಾವೇರಿಹುಡ್ಗಿ
ತಪ್ಪಲೆ ಐಡಿಯಾ ಅಪ್ಪನಿಗೆ ಹೇಳಿದ್ಯಾ, ಕೊಡದಾಗ ಇಟ್ಟಾರ! ಈಗ ಫೋನ್ ಹೊರಗ ತಗಿಯಾಕ ಆಗವಲ್ತು.

ಸೀಗೆಕಾಯಿ
ಅದೆಲ್ಲ ಇರಲಿ. ಆ ಹಲಸಿನ ಮರ ಬಕ್ಕೆಯಾ, ಬಿಳುವನಾ? ಈ ಸಲ ಬಿಟ್ಟಿದೆಯಾ?

ಘಟ್ಟದಮೇಲಿನವ
ಬಕ್ಕೆ. ಬಿಟ್ಟಿತ್ತು, ಮಂಗ ಇಳಿಸಿಕೊಂಡವು.